ವೇಷದ ಗಡಿ, ಭಾಷೆಯ ಗಡಿ: ಸೇಲಂ–ಧರ್ಮಪುರಿ ಸೀಮೆಯ ಮಿಷನ್ ಚರಿತ್ರೆಯಲ್ಲಿ ಕನ್ನಡ

ಹಳೆಯ ಸೇಲಂ ಜಿಲ್ಲೆಯನ್ನು ಕಂಪನಿ ಕಾಲದ ಅಧಿಕಾರಿಗಳು ಮೂರು ಭಾಗವಾಗಿ ಎಣಿಸುತ್ತಿದ್ದರು: ಘಟ್ಟದ ಕೆಳಗಿನ ತಾಳಘಾಟು, ನಡುವಣ ಬಾರಾಮಹಲು, ಮೈಸೂರು ಪ್ರಸ್ಥಭೂಮಿಯ ಅಂಚಿನ ಬಾಲಾಘಾಟು. ಸೇಲಂ ಪಟ್ಟಣ ಮೊದಲನೆಯದರಲ್ಲಿ, ಧರ್ಮಪುರಿ ಎರಡನೆಯದರಲ್ಲಿ, ಹೊಸೂರು–ಡೆಂಕಣಿಕೋಟೆಗಳು ಮೂರನೆಯದರಲ್ಲಿ ಸೇರಿದ್ದವು. ಉತ್ತರಕ್ಕೆ ಏರಿದಂತೆ ತಮಿಳಿನ ಜೊತೆಗೆ ತೆಲುಗು ಕನ್ನಡಗಳು ದಟ್ಟವಾಗುತ್ತವೆ. ಹೊಗೆನಕಲ್ ಎಂಬ ಹೆಸರೇ ಕನ್ನಡದ್ದು. ಈ ಸೀಮೆಯ ಹಳ್ಳಿಗಳಿಗೆ ಬಂದ ಕ್ರೈಸ್ತ ಪಾದ್ರಿಗಳಿಗೆ ಎರಡು ಗಡಿಗಳು ಎದುರಾದವು. ಜಾತಿ ಮತ್ತು ಆಚಾರದ ಗಡಿಯನ್ನು ಕುರಿತು ಅವರು ಆಳವಾಗಿ ಚಿಂತಿಸಿದರು. ಭಾಷೆಯ ಗಡಿಯ ತೀರ್ಮಾನ ಹೆಚ್ಚಾಗಿ ಬೇರೆಡೆಯಲ್ಲಿ ಆಯಿತು.

1606ರಲ್ಲಿ ಮಧುರೆಗೆ ಬಂದ ಯೇಸುಸಭೆಯ ರಾಬರ್ಟೊ ದೆ ನೊಬಿಲಿ 1623ರಲ್ಲಿ ಉತ್ತರಾಭಿಮುಖವಾಗಿ ಹೊರಟನು. ಕಾವಿ ಬಟ್ಟೆ, ಸಸ್ಯಾಹಾರ, ಸಂಸ್ಕೃತ–ತಮಿಳು–ತೆಲುಗುಗಳ ವ್ಯಾಸಂಗ ಇವು ಆತನ ಸಾಧನಗಳು. ಜನಿವಾರ, ಶಿಖೆ, ಗಂಧಗಳು ಧರ್ಮಾಚರಣೆಯೋ ಲೌಕಿಕ ಗುರುತೋ ಎಂಬ ವಿವಾದ ರೋಮಿನವರೆಗೆ ಹೋಗಿ, ಅದೇ ವರ್ಷದ ಜನವರಿಯಲ್ಲಿ ಪೋಪ್ 15ನೆಯ ಗ್ರೆಗರಿ ಅವುಗಳಿಗೆ ಷರತ್ತಿನ ಅನುಮತಿ ನೀಡಿದ್ದನು. ಸೇಂದಮಂಗಲದ ರಾಮಚಂದ್ರ ನಾಯಕ ನೊಬಿಲಿಯನ್ನು ಆದರಿಸಿದನು. ಸೇಲಂನಲ್ಲಿ ಮಾತ್ರ ಮೊದಮೊದಲು ಬಿಡಾರ ಸಿಗುವುದೇ ಕಷ್ಟವಾಯಿತು. ಕೊನೆಗೆ ಒಲಿದವನು ಅಧಿಕಾರ ಕಳೆದುಕೊಂಡಿದ್ದ ತಿರುಮಂಗಲ ನಾಯಕ. 1625ರಲ್ಲಿ ಆತನಿಗೆ ದೀಕ್ಷಾಸ್ನಾನವಾಯಿತು. ಪದಚ್ಯುತನೊಬ್ಬ ಹೊಸ ಗುರುವನ್ನು ಆಶ್ರಯಿಸಿದುದರಲ್ಲಿ ಭಕ್ತಿ ಎಷ್ಟು, ರಾಜಕಾರಣ ಎಷ್ಟು ಎಂಬುದನ್ನು ಪಾದ್ರಿಗಳ ಪತ್ರಗಳಿಂದಲೇ ಅಳೆಯುವುದು ಸರಿಯಲ್ಲ.

ಆದರೆ ಸಂನ್ಯಾಸಿಯ ವೇಷ ಒಂದು ಬಾಗಿಲನ್ನು ತೆರೆದು ಇನ್ನೊಂದನ್ನು ಮುಚ್ಚಿತು. ಸೇಲಂ ಸಮೀಪದ ಮೋರಮಂಗಲದಂತಹ ಹಳ್ಳಿಗಳಲ್ಲಿ ಅಸ್ಪೃಶ್ಯರೆನಿಸಿಕೊಂಡವರೂ ಈ ಮತವನ್ನು ಸ್ವೀಕರಿಸಿದಾಗ, ಅವರ ಕೇರಿಗೆ ಗುರು ಬಹಿರಂಗವಾಗಿ ಹೋಗುವಂತಿರಲಿಲ್ಲ. ಹೋದರೆ ಮೇಲಿನ ಜಾತಿಗಳವರು ದೂರ ಸರಿಯುತ್ತಿದ್ದರು. ಇದಕ್ಕೆ ಕಂಡುಕೊಂಡ ಉಪಾಯ ಪಂಡಾರಸ್ವಾಮಿ. ಶೈವ ಪಂಡಾರಗಳನ್ನು ಹೋಲುವ ಉಡುಪಿನ, ಕೆಳಗಿನ ಜಾತಿಗಳೊಡನೆ ಬೆರೆಯಬಲ್ಲ ಪಾದ್ರಿಗಳ ಈ ವರ್ಗ 1640ರಲ್ಲಿ ಬಾಲ್ತಜಾರ್ ದ ಕೋಸ್ತನಿಂದ ಆರಂಭವಾಯಿತು. ಒಂದೇ ಸಭೆಯ ಸೋದರರು ಒಂದೇ ಸೀಮೆಯಲ್ಲಿ ಎರಡು ಬಗೆಯಾಗಿ ಬದುಕಿದರು. ಹಳ್ಳಿಯ ಶ್ರೇಣಿಯನ್ನು ದಾಟಲು ಹೊರಟ ಮಿಷನ್ ಆ ಶ್ರೇಣಿಯನ್ನೇ ತನ್ನೊಳಗೆ ಕಟ್ಟಿಕೊಂಡಿತು. ನೊಬಿಲಿಯನ್ನು ಸಂಸ್ಕೃತಿ ಸಂವಾದದ ಆದಿಪುರುಷನೆಂದು ಹೊಗಳುವವರು ಈ ಬೆಲೆಯನ್ನು ಕಡಿಮೆ ಎಣಿಸುತ್ತಾರೆ.

ಘಟ್ಟದ ಮೇಲೆ ಇದೇ ಕ್ರಮವನ್ನು ಕನ್ನಡದಲ್ಲಿ ನಡೆಸಿದವನು ಲಿಯೊನಾರ್ದೊ ಚಿನ್ನಾಮಿ. ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ, 1640ರ ದಶಕದ ಕೊನೆಗೆ, ಶ್ರೀರಂಗಪಟ್ಟಣದಲ್ಲಿ ನೆಲೆಸಿದ ಆತ ಕನ್ನಡ ವ್ಯಾಕರಣ, ನಿಘಂಟು, ಧರ್ಮೋಪದೇಶದ ಗ್ರಂಥಗಳನ್ನು ರಚಿಸಿದನು. ಹೀಗೆ ಹದಿನೇಳನೆಯ ಶತಮಾನದಲ್ಲೇ ಮಧುರೆಯ ತಮಿಳು ಮಿಷನ್, ಮೈಸೂರಿನ ಕನ್ನಡ ಮಿಷನ್ ಎಂಬ ಎರಡು ಕೇಂದ್ರಗಳಾದವು. ಬಾರಾಮಹಲು ಮತ್ತು ಬಾಲಾಘಾಟು ಈ ಎರಡರ ನಡುವೆ ಬಿದ್ದವು.

ಪ್ರಾಟೆಸ್ಟೆಂಟರ ಕಾಲಕ್ಕೆ ಈ ವಿಂಗಡಣೆ ಇನ್ನಷ್ಟು ಗಟ್ಟಿಯಾಯಿತು. ಲಂಡನ್ ಮಿಷನರಿ ಸೊಸೈಟಿಯ ಹೆನ್ರಿ ಕ್ರಿಸ್ಪ್ 1827ರಲ್ಲಿ ಸೇಲಂಗೆ ಬಂದು 1831ರಲ್ಲಿ ತೀರಿಕೊಂಡನು. ಕೆಲಸವನ್ನು ಜಾರ್ಜ್ ವಾಲ್ಟನ್ ಮುಂದುವರಿಸಿದನು. 1840ರಿಂದ 1861ರವರೆಗೆ ಜೆ. ಎಂ. ಲೆಖ್ಲರ್ ಶಾಲೆಗಳನ್ನೂ ಕೈಕಸುಬಿನ ತರಬೇತಿಯನ್ನೂ ನಡೆಸಿದನು. ಇದೇ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಿಂದ ಬಳ್ಳಾರಿಯಲ್ಲಿ ಕನ್ನಡ ಬೈಬಲಿಗಾಗಿ ದುಡಿದಿದ್ದನು, ಬೆಂಗಳೂರಿನಲ್ಲಿ ಬಿ. ಎಲ್. ರೈಸರ ತಂದೆ ಬೆಂಜಮಿನ್ ರೈಸ್ ಕನ್ನಡದಲ್ಲೇ ಬೋಧಿಸುತ್ತಿದ್ದನು. ಆದರೂ ಸೊಸೈಟಿಯ ಲೆಕ್ಕದಲ್ಲಿ ಬಳ್ಳಾರಿ ಕನ್ನಡ ಕೇಂದ್ರ, ಸೇಲಂ ತಮಿಳು ಕೇಂದ್ರ. ಅದಕ್ಕೆ ಕಾರಣವೂ ಇತ್ತು: ಜಿಲ್ಲೆಯ ಬಹುಸಂಖ್ಯಾತರ ನುಡಿ ತಮಿಳು, ಅದರಲ್ಲಿ ಹೊಸ ಒಡಂಬಡಿಕೆ 1715ರಷ್ಟು ಹಿಂದೆಯೇ ಪೂರ್ಣವಾಗಿ ಅಚ್ಚಾಗಿತ್ತು. ಆದರೆ ಸೇಲಂ ಪೇಟೆಯಲ್ಲೇ ಮನೆಯೊಳಗೆ ಕನ್ನಡವಾಡುವ ದೇವಾಂಗ ನೇಕಾರರಿದ್ದರು. ಅವರಿಗೆ ಬೀದಿಯ ತಮಿಳು ಬರುತ್ತಿತ್ತು ಎಂಬುದು ನಿಜ. ಬೀದಿಯ ಭಾಷೆಯಲ್ಲಿ ಹೇಳಿದ್ದು ಮನೆಯೊಳಗೆ ಎಷ್ಟು ಮುಟ್ಟುತ್ತದೆ ಎಂಬುದು ಬೇರೆ ಮಾತು.

1930ರಲ್ಲಿ ಸೇಲಂ ಕಥೋಲಿಕ ಧರ್ಮಪ್ರಾಂತ್ಯ ರಚನೆಯಾದಾಗ ಪಾಂಡಿಚೇರಿ, ಕುಂಭಕೋಣಂ, ಮೈಸೂರು ಈ ಮೂರರಿಂದಲೂ ಭಾಗಗಳು ಬಂದವು. ಮೈಸೂರಿನಿಂದ ಬಂದುದು ಹೊಸೂರು ತಾಲ್ಲೂಕು. ಅಲ್ಲಿಯ ಕ್ರೈಸ್ತರೆಲ್ಲ ಕನ್ನಡಿಗರೆಂದು ಭಾವಿಸುವುದು ತಪ್ಪು. ತಮಿಳರೂ ತೆಲುಗರೂ ಬೆರೆತ ಸಮುದಾಯವದು. ಆದರೂ ಮೂರು ನುಡಿಗಳ ಆ ತಾಲ್ಲೂಕನ್ನು ಸೇಲಂಗೆ ಸೇರಿಸಿದ್ದು ಸರಕಾರದ ಜಿಲ್ಲಾ ನಕ್ಷೆ. 1965ರಲ್ಲಿ ಧರ್ಮಪುರಿ ಜಿಲ್ಲೆಯಾಯಿತು, 1997ರಲ್ಲಿ ಧರ್ಮಪ್ರಾಂತ್ಯವಾಯಿತು. 2004ರಲ್ಲಿ ಹೊಸೂರು ಕೃಷ್ಣಗಿರಿ ಜಿಲ್ಲೆಗೆ ಹೋಯಿತು. ಆದ್ದರಿಂದ ಆ ಸೀಮೆಯಲ್ಲಿ 1930ಕ್ಕೆ ಹಿಂದೆ ಯಾವ ಹಳ್ಳಿಯಲ್ಲಿ ಯಾವ ಭಾಷೆಯ ಜಪ ನಡೆಯುತ್ತಿತ್ತು ಎಂದು ಅರಸುವವರು ಸೇಲಂ ಕಡತಗಳಿಗಿಂತ ಮೊದಲು ಮೈಸೂರು ಮಿಷನ್ನಿನ ಪತ್ರಗಳನ್ನು ಬಿಚ್ಚಬೇಕಾಗುತ್ತದೆ.