ಮುಖವರ್ಣಿಕೆಯಲ್ಲಿ ನೆರಳು ಮತ್ತು ಬೆಳಕು: ಶಾಲಾ ರಂಗಕ್ಕೊಂದು ಕೈಪಿಡಿ

ರಾಜ್ಯೋತ್ಸವ ಹಾಗೂ ಶಾಲಾ ವಾರ್ಷಿಕೋತ್ಸವಗಳು ಸಮೀಪಿಸಿದಾಗ ಉಟ್ಕೂರ್, ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಭಾಗದ ಮಕ್ಕಳು ನಾಟಕ, ನೃತ್ಯಗಳಿಗಾಗಿ ಬಣ್ಣ ಹಚ್ಚಿಕೊಳ್ಳುವುದುಂಟು. ಆಗ ಪೋಷಕರಿಗೆ ಉಪಯುಕ್ತವಾಗಬಲ್ಲ ಕ್ರಮವೊಂದಿದೆ. ಇಂದು ಅದನ್ನು ‘ಕಾಂಟೂರಿಂಗ್’ ಮತ್ತು ‘ಹೈಲೈಟಿಂಗ್’ ಎಂದು ಕರೆಯಲಾಗುತ್ತದೆ. ಮುಖವನ್ನು ಬೆಳ್ಳಗಾಗಿಸುವುದು ಇದರ ಉದ್ದೇಶವಲ್ಲ. ಕೊನೆಯ ಸಾಲಿನಲ್ಲಿ ಕುಳಿತವರಿಗೂ ಮುಖದ ಆಕಾರ ಮತ್ತು ಭಾವ ಕಾಣುವಂತೆ ಮಾಡುವುದು.

ತತ್ತ್ವ

ಗಾಢ ಬಣ್ಣ ಹಚ್ಚಿದ ಭಾಗ ಒಳಸರಿದಂತೆಯೂ, ತಿಳಿ ಬಣ್ಣ ಹಚ್ಚಿದ ಭಾಗ ಮುಂದೆ ಬಂದಂತೆಯೂ ಕಣ್ಣಿಗೆ ತೋರುತ್ತದೆ. ಹಗಲಿನಲ್ಲಿ ಮೇಲಿನಿಂದ ಬೀಳುವ ಬೆಳಕು ಹಣೆ, ಮೂಗುಗಳನ್ನು ಬೆಳಗಿಸಿ, ಕೆನ್ನೆಯ ಎಲುಬಿನ ಕೆಳಗೆ ನೆರಳು ಮೂಡಿಸುತ್ತದೆ. ರಂಗದ ದೀಪ ನೇರವಾಗಿ ಎದುರಿನಿಂದ ಬಿದ್ದಾಗ ಈ ಸಹಜ ನೆರಳು ಅಳಿದು ಮುಖ ಚಪ್ಪಟೆಯಾಗಿ ಕಾಣುತ್ತದೆ. ಅಳಿದ ನೆರಳನ್ನು ಬಣ್ಣದಿಂದ ಮರಳಿ ತರುವುದೇ ಈ ಕಲೆಯ ತಿರುಳು.

ಕನ್ನಡ ರಂಗದ ಪರಂಪರೆ

ಹೆಸರು ಹೊಸದಾದರೂ ಈ ತಿಳಿವು ಕನ್ನಡಕ್ಕೆ ಹೊಸದಲ್ಲ. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯ ಗದ್ವಾಲ್ ತಾಲ್ಲೂಕು ಆಂಧ್ರಪ್ರದೇಶಕ್ಕೆ ಸೇರಿತು. ಅದೇ ದಿನ ಕಾಸರಗೋಡು ಕೇರಳಕ್ಕೆ ಸೇರಿತು. ಆ ಗಡಿನಾಡಿನಲ್ಲಿ ತೆಂಕುತಿಟ್ಟಿನ ಯಕ್ಷಗಾನ ಇಂದಿಗೂ ಜೀವಂತವಾಗಿದೆ. ಮುಖಕ್ಕೆ ಬಣ್ಣ ಬರೆಯುವುದನ್ನು ಅಲ್ಲಿ ಮುಖವರ್ಣಿಕೆ ಎನ್ನುತ್ತಾರೆ. ಕಲಾವಿದರು ಚೌಕಿಯಲ್ಲಿ ಕನ್ನಡಿಯ ಮುಂದೆ ಕುಳಿತು ತಮ್ಮ ಬಣ್ಣವನ್ನು ತಾವೇ ಬರೆದುಕೊಳ್ಳುವುದು ವಾಡಿಕೆ. ರಾಕ್ಷಸ ಪಾತ್ರಗಳ ‘ಬಣ್ಣದ ವೇಷ’ಕ್ಕೆ ಅಕ್ಕಿ ಮತ್ತು ಸುಣ್ಣದ ಹಿಟ್ಟಿನಿಂದ ‘ಚುಟ್ಟಿ’ ಇಡಲಾಗುತ್ತದೆ. ಗಾಢ ಬಣ್ಣದ ಪಕ್ಕದಲ್ಲಿ ಉಬ್ಬಿ ನಿಲ್ಲುವ ಈ ಬಿಳಿ ಸಾಲುಗಳು ಮುಖವನ್ನು ಹಿರಿದಾಗಿ ತೋರಿಸುತ್ತವೆ. ಯಕ್ಷಗಾನಕ್ಕೆ ಲೋಕೋತ್ತರ ಮುಖ ಬೇಕು. ಶಾಲಾ ನಾಟಕಕ್ಕೆ ಸ್ಪಷ್ಟವಾದ ಮುಖ ಸಾಕು.

ಕ್ರಮ

1. ಮುಖವನ್ನು ತೊಳೆದು ಒರೆಸಿ, ಮೈಬಣ್ಣಕ್ಕೆ ಹೊಂದುವ ಫೌಂಡೇಷನ್ ಅನ್ನು ತೆಳುವಾಗಿ ಹಚ್ಚಬೇಕು. ಹೊಂದಿಕೆಯನ್ನು ಅಂಗೈ ಮೇಲೆ ನೋಡದೆ, ದವಡೆಯ ಮೇಲೆ ಹಗಲು ಬೆಳಕಿನಲ್ಲಿ ನೋಡಬೇಕು.

2. ಮೈಬಣ್ಣಕ್ಕಿಂತ ಒಂದೆರಡು ಛಾಯೆ ಗಾಢವಾದ, ಹೊಳಪಿಲ್ಲದ ಕಂದು ಬಣ್ಣವನ್ನು ಕೆನ್ನೆಯ ಎಲುಬಿನ ಕೆಳಗೆ, ಹಣೆಯ ಎರಡು ಬದಿಗೆ, ದವಡೆಯ ಅಂಚಿಗೆ ಹಚ್ಚಬೇಕು. ಕೆನ್ನೆಯ ನೆರಳು ಕಿವಿಯ ಬಳಿ ಆರಂಭವಾಗಿ ಕೆನ್ನೆಯ ನಡುವೆ ಮುಗಿಯಬೇಕು. ಬಾಯಿಯವರೆಗೆ ಎಳೆದರೆ ಮಗು ಬಡಕಲಾಗಿ ಕಾಣುತ್ತದೆ.

3. ತಿಳಿ ಬಣ್ಣವನ್ನು ಹಣೆಯ ನಡುವೆ, ಮೂಗಿನ ಮೇಲೆ, ಕೆನ್ನೆಯ ಎಲುಬಿನ ಮೇಲ್ಭಾಗಕ್ಕೆ ಮತ್ತು ಗದ್ದಕ್ಕೆ ಹಚ್ಚಬೇಕು.

4. ಗೆರೆ ಕಾಣದಂತೆ ಒದ್ದೆ ಸ್ಪಂಜಿನಿಂದ ಅಂಚುಗಳನ್ನು ಬೆರೆಸಿ, ರಂಗದ ದೀಪದಲ್ಲಿ ನಿಲ್ಲಿಸಿ ದೂರದಿಂದ ನೋಡಬೇಕು.

ಮೈಬಣ್ಣದ ಗೌರವ

ಕಪ್ಪು ಅಥವಾ ಗೋಧಿ ಬಣ್ಣದ ಮುಖಕ್ಕೆ ಬಿಳಿ ಪೌಡರ್ ಬಳಿದರೆ ದೀಪದಲ್ಲಿ ಬೂದಿ ಹಚ್ಚಿದಂತೆ ಕಾಣುತ್ತದೆ. ಕುತ್ತಿಗೆ, ಕೈಗಳು ಬೇರೆಯಾಗಿ ತೋರುತ್ತವೆ. ಅಂಥ ಮುಖಕ್ಕೆ ಗಾಢ ಕಂದು ನೆರಳಿಗೂ, ಹೊಂಬಣ್ಣ ಅಥವಾ ತಾಮ್ರವರ್ಣ ಬೆಳಕಿಗೂ ಒಪ್ಪುತ್ತವೆ. ಇದಕ್ಕಿಂತ ದೊಡ್ಡ ಮಾತೊಂದಿದೆ. ರಂಗಕ್ಕೆ ಹೋಗುವ ಮುನ್ನ ತನ್ನನ್ನು ಬೆಳ್ಳಗಾಗಿಸಲಾಯಿತು ಎಂದರೆ, ತನ್ನ ಬಣ್ಣ ರಂಗಕ್ಕೆ ಸಲ್ಲದೆಂದೇ ಮಗು ತಿಳಿಯುತ್ತದೆ. ರಾಮ, ಕೃಷ್ಣ, ದ್ರೌಪದಿಯರನ್ನು ನಮ್ಮ ಕಾವ್ಯಗಳು ಶ್ಯಾಮವರ್ಣದವರೆಂದೇ ವರ್ಣಿಸಿವೆ.

ಎಚ್ಚರಿಕೆ

ಹಿಂದೆ ವೇಷಗಳಿಗೆ ಬಳಸುತ್ತಿದ್ದ ಇಂಗಳೀಕವು ಪಾದರಸದ, ಅರದಾಳವು ಆರ್ಸೆನಿಕ್‌ನ ಸಂಯುಕ್ತ. ಇವು ಮಕ್ಕಳ ಚರ್ಮಕ್ಕೆ ಸಲ್ಲವು. ಹೋಳಿಯ ಬಣ್ಣ, ಸೀಮೆಸುಣ್ಣದ ಪುಡಿ, ಗೋಡೆಯ ಬಣ್ಣಗಳೂ ಸಲ್ಲವು. ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಬಳಕೆಯ ಅವಧಿ ಮುದ್ರಿತವಾಗಿರುವ ಪ್ರಸಾಧನಗಳನ್ನೇ ಕೊಳ್ಳಬೇಕು. ಹಿಂದಿನ ದಿನ ಮೊಣಕೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ, ತುರಿಕೆ ಅಥವಾ ಕೆಂಪು ಕಾಣಿಸಿದರೆ ಬಿಡಬೇಕು. ಒಬ್ಬರ ಕಾಡಿಗೆ ಕಡ್ಡಿಯನ್ನು ಮತ್ತೊಬ್ಬರಿಗೆ ಬಳಸಬಾರದು. ಕಣ್ಣಿನ ಸೋಂಕು ಹರಡಬಹುದು. ಕಾರ್ಯಕ್ರಮ ಮುಗಿದೊಡನೆ ಕೊಬ್ಬರಿ ಎಣ್ಣೆಯಿಂದ ಬಣ್ಣವನ್ನು ಮೃದುವಾಗಿ ಒರೆಸಿ, ಮುಖ ತೊಳೆಸಿಯೇ ಮಕ್ಕಳನ್ನು ಮಲಗಿಸಬೇಕು.