ಒಡೆಯನ ಸೂರು, ಆಳಿನ ಸಂಸಾರ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳು ಕೆರೆಗಳನ್ನೇ ನಂಬಿ ಬಾಳಿದ ಸೀಮೆ. ಕೆರೆ ತುಂಬಿದರೆ ಬೆಳೆ, ಬತ್ತಿದರೆ ಸಾಲ. ಮದುವೆಗೋ ಕಾಯಿಲೆಗೋ ಸಾಲ ಪಡೆದ ಭೂಹೀನನು ತನ್ನ ದುಡಿಮೆಯನ್ನೇ ಅಡವಿಡುತ್ತಿದ್ದನು. ಇದೇ ಜೀತ. ತಂದೆ ತೀರಿಸದ ಸಾಲಕ್ಕೆ ಮಗನು ದುಡಿದುದೂ ಉಂಟು. ಆಳಿನ ಗುಡಿಸಲು ಒಡೆಯನ ನೆಲದಲ್ಲೇ ಇದ್ದರೆ ಬಂಧನವು ಇಮ್ಮಡಿಯಾಗುತ್ತಿತ್ತು. ಕೆಲಸ ಬಿಟ್ಟವನು ಸೂರನ್ನೂ ಬಿಡಬೇಕಾಗುತ್ತಿತ್ತು. ಹೆಂಡತಿ ಮಕ್ಕಳನ್ನು ಬೀದಿಗೆ ತರಲಂಜಿ ಎಷ್ಟೋ ಮಂದಿ ನೊಗ ಹೊತ್ತೇ ಉಳಿದರು.

1975ರ ಅಕ್ಟೋಬರಿನಲ್ಲಿ ಹೊರಟ ಸುಗ್ರೀವಾಜ್ಞೆಯೂ 1976ರ ಜೀತಪದ್ಧತಿ ರದ್ದತಿ ಕಾಯಿದೆಯೂ ಈ ಗಂಟನ್ನು ಸರಿಯಾಗಿಯೇ ಗುರುತಿಸಿದವು. ಸಾಲ ರದ್ದಾಯಿತು. ಅಷ್ಟೇ ಅಲ್ಲ, ಜೀತದ ಪ್ರತಿಫಲವಾಗಿ ದೊರೆತ ಮನೆಯಿಂದ ವಿಮುಕ್ತನನ್ನು ಹೊರಹಾಕಕೂಡದೆಂದು ಕಾಯಿದೆಯ 8ನೆಯ ಕಲಮು ವಿಧಿಸಿತು. ಹೊರಹಾಕಿದ್ದೇ ಆದರೆ ಉಪವಿಭಾಗದ ದಂಡಾಧಿಕಾರಿಯು ಆ ಮನೆಯನ್ನು ಅವನಿಗೆ ಮರಳಿ ಕೊಡಿಸಬೇಕು. ಪರರ ಜಮೀನಿನಲ್ಲಿ ಮನೆ ಮಾಡಿಕೊಂಡಿರುವ ಕೃಷಿಕಾರ್ಮಿಕನನ್ನು ಆ ಮನೆಗೂ ನಿವೇಶನಕ್ಕೂ ಒಡೆಯನಾಗಿಸುವ ಅವಕಾಶ ನಮ್ಮ ರಾಜ್ಯದ ಭೂಸುಧಾರಣಾ ಕಾಯಿದೆಯ 38ನೆಯ ಕಲಮಿನಲ್ಲಿದೆ.

ಇಂತಹ ರಕ್ಷಣೆಯಿಲ್ಲದೆಡೆ ಏನಾಗುವುದೆಂಬುದನ್ನು ಇದೇ ಜಿಲ್ಲೆಯ ಚಿನ್ನದ ಗಣಿಗಳಲ್ಲಿ ಕಂಡಿದ್ದೇವೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿ ಕಾಲಿಟ್ಟಿತು; 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತೂ ಬಂತು. ಆದರೆ ತಟ್ಟಿಗುಡಿಸಲಾಗಲಿ, ಮುಂದೆ ಕಟ್ಟಿದ ಸಾಲುಮನೆಯಾಗಲಿ, ಕಾರ್ಮಿಕನ ಸ್ವಂತವಾಗಿರಲಿಲ್ಲ. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶಕ್ಕೂ 1962ರಲ್ಲಿ ಕೇಂದ್ರದ ವಶಕ್ಕೂ ಬಂದವು. ಒಡೆತನ ಬದಲಾದರೂ ನಿಯಮ ಬದಲಾಗಲಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಕೂಲಿಯ ಜೊತೆಗೆ ಸೂರಿನ ಭರವಸೆಯೂ ಕುಸಿಯಿತು. ತಲೆಮಾರುಗಳಿಂದ ಬಾಳಿದ ಮನೆಯ ಹಕ್ಕುಪತ್ರಕ್ಕಾಗಿ ಮಾಜಿ ಕಾರ್ಮಿಕರು ಬಹುಕಾಲ ಹೋರಾಡಬೇಕಾಯಿತು.

ಹಾಗೆಂದು ಕಾಯಿದೆಯೊಂದೇ ಸಾಲದು. ಓದುಬಾರದವನಿಗೆ 8ನೆಯ ಕಲಮಿನ ಅರಿವೆಲ್ಲಿಂದ ಬರಬೇಕು? ಅರ್ಜಿ ಬರೆಯುವವರಾರು? ತನಗೆ ಸಾಲ ಕೊಟ್ಟವನೆದುರು ಒಬ್ಬಂಟಿಯಾಗಿ ಸಾಕ್ಷಿ ನುಡಿಯುವ ಧೈರ್ಯವೆಲ್ಲಿಂದ? ಇದನ್ನರಿತೇ ಕಾಯಿದೆಯು ಜಿಲ್ಲೆಗೂ ಉಪವಿಭಾಗಕ್ಕೂ ಜಾಗೃತ ಸಮಿತಿಗಳನ್ನು ವಿಧಿಸಿ, ವಿಮುಕ್ತರ ಪುನರ್ವಸತಿಯನ್ನು ಅವುಗಳ ಹೊಣೆಯಲ್ಲಿ ಸೇರಿಸಿತು. 1991-92ರ ಆಶ್ರಯ ಯೋಜನೆ, 2000ದಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಮೊದಲಾದವು ಬಡವರಿಗೆ ಮನೆ ಕಟ್ಟಿಕೊಳ್ಳಲು ನೆರವಾದವು. ಆದರೆ ಗೋಡೆ ಎದ್ದ ಮೇಲೂ ಒಲೆ ಉರಿಯಬೇಕು. ಕೂಲಿ ಇಲ್ಲದೆ, ಪಡಿತರ ಚೀಟಿ ಇಲ್ಲದೆ, ಮಕ್ಕಳು ಶಾಲೆಗೆ ಹೋಗದೆ ಇದ್ದಲ್ಲಿ ಹಳೆಯ ಸಾಲಗಾರನ ಬಾಗಿಲೇ ಮತ್ತೆ ಗತಿ.

ಆದುದರಿಂದ ವಾಚಕರೇ, ನೆರೆಹೊರೆಯ ಬಡ ಸಂಸಾರವೊಂದು ಮನೆ ಕಳೆದುಕೊಳ್ಳುವ ಭೀತಿಯಲ್ಲಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಮನೆಯ ಕಾಗದ ಯಾರ ಹೆಸರಿನಲ್ಲಿದೆ? ಅದನ್ನು ಕೇಳಿ, ಅವರೊಡನೆ ಕಚೇರಿಯವರೆಗೆ ನಡೆದು, ಕಾಗದ ಕೈಸೇರುವವರೆಗೆ ಜೊತೆಗಿರುವುದು ನಮ್ಮ ಕೈಲಾಗದ ಕೆಲಸವೇನಲ್ಲ.