ಆರ್ಟೆಮಿಸಿನಿನ್

ಆರ್ಟೆಮಿಸಿನಿನ್ ಮಲೇರಿಯಾ ಚಿಕಿತ್ಸೆಯಲ್ಲಿ ಬಳಸುವ ಸಸ್ಯಮೂಲದ ಔಷಧ. ಇದನ್ನು ಆರ್ಟೆಮಿಸಿಯಾ ಆನ್ಯುವಾ ಎಂಬ ಸಸ್ಯದ ಎಲೆಗಳಿಂದ ಪಡೆಯಲಾಗುತ್ತದೆ. ಸೂರ್ಯಕಾಂತಿ ಕುಟುಂಬದ ಈ ಸಸ್ಯವನ್ನು ಚೀನೀ ಭಾಷೆಯಲ್ಲಿ 'ಚಿಂಗ್‌ಹಾವ್' ಎನ್ನುತ್ತಾರೆ. ಕರ್ನಾಟಕದಲ್ಲಿ ಬೆಳೆಯುವ ದವನವೂ ಇದೇ ಕುಲಕ್ಕೆ ಸೇರಿದೆ.

ಹಿನ್ನೆಲೆ

1960ರ ದಶಕದಲ್ಲಿ ಮಲೇರಿಯಾ ಪರಾವಲಂಬಿಗಳು ಕ್ಲೋರೋಕ್ವಿನ್ ಔಷಧಕ್ಕೆ ಪ್ರತಿರೋಧ ಬೆಳೆಸಿಕೊಂಡವು. ವಿಯೆಟ್ನಾಂ ಯುದ್ಧದಲ್ಲಿ ಈ ರೋಗದಿಂದ ಬಹುಸಂಖ್ಯೆಯ ಸೈನಿಕರು ನರಳಿದರು. ಉತ್ತರ ವಿಯೆಟ್ನಾಂನ ಕೋರಿಕೆಯಂತೆ ಚೀನಾ ಹೊಸ ಔಷಧದ ಶೋಧಕ್ಕಾಗಿ 1967ರ ಮೇ 23ರಂದು ರಹಸ್ಯ ಯೋಜನೆಯೊಂದನ್ನು ಆರಂಭಿಸಿತು. ಆ ದಿನಾಂಕದಿಂದಲೇ ಅದಕ್ಕೆ 'ಯೋಜನೆ 523' ಎಂಬ ಹೆಸರು ಬಂದಿತು.

ಸಾರಗಳ ಪರೀಕ್ಷೆ

1969ರಲ್ಲಿ ಬೀಜಿಂಗ್‌ನ ವಿಜ್ಞಾನಿ ಟು ಯೂಯೂ ಅವರು ಈ ಯೋಜನೆಯ ಒಂದು ತಂಡದ ಮುಖ್ಯಸ್ಥರಾದರು. ಅವರ ತಂಡವು 2,000ಕ್ಕೂ ಹೆಚ್ಚು ಸಾಂಪ್ರದಾಯಿಕ ಔಷಧಗಳ ವಿವರ ಸಂಗ್ರಹಿಸಿತು. ಸುಮಾರು 200 ಗಿಡಮೂಲಿಕೆಗಳಿಂದ 380ಕ್ಕೂ ಹೆಚ್ಚು ಸಾರಗಳನ್ನು ತಯಾರಿಸಿ ಸೋಂಕಿತ ಇಲಿಗಳ ಮೇಲೆ ಪರೀಕ್ಷಿಸಿತು. ಚಿಂಗ್‌ಹಾವ್ ಸಾರವು ಮೊದಲು ಭರವಸೆ ಮೂಡಿಸಿದರೂ ಮುಂದಿನ ಪರೀಕ್ಷೆಗಳಲ್ಲಿ ಅದೇ ಫಲ ನೀಡಲಿಲ್ಲ.

ನಾಲ್ಕನೆಯ ಶತಮಾನದ ವೈದ್ಯ ಗೆ ಹಾಂಗ್ ತಮ್ಮ ಗ್ರಂಥದಲ್ಲಿ ಈ ಸಸ್ಯವನ್ನು ನೀರಿನಲ್ಲಿ ನೆನೆಸಿ, ಹಿಂಡಿ, ರಸವನ್ನು ಕುಡಿಯಲು ಸೂಚಿಸಿದ್ದರು. ಕುದಿಸುವ ಉಲ್ಲೇಖ ಅಲ್ಲಿರಲಿಲ್ಲ. ಶಾಖದಿಂದ ಔಷಧೀಯ ಗುಣ ನಾಶವಾಗುತ್ತಿರಬಹುದೆಂದು ಊಹಿಸಿದ ಟು, ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ಈಥರ್ ಬಳಸಿ ಸಾರವನ್ನು ತೆಗೆದರು. ಅದರಿಂದ ವಿಷಕಾರಿಯಾದ ಆಮ್ಲೀಯ ಭಾಗವನ್ನು ಬೇರ್ಪಡಿಸಲಾಯಿತು. 1971ರ ಅಕ್ಟೋಬರ್ 4ರಂದು ಪರೀಕ್ಷಿಸಿದ 191ನೆಯ ಮಾದರಿಯು ಇಲಿಗಳಲ್ಲಿನ ಪರಾವಲಂಬಿಗಳ ವಿರುದ್ಧ ಶೇ. 100ರಷ್ಟು ಪರಿಣಾಮಕಾರಿಯಾಗಿತ್ತು.

ಮಾನವರ ಮೇಲಿನ ಪ್ರಯೋಗ

1972ರಲ್ಲಿ ಟು ಮತ್ತು ಸಹೋದ್ಯೋಗಿಗಳು ಸುರಕ್ಷತೆಯನ್ನು ಖಚಿತಪಡಿಸಿಕೊಳ್ಳಲು ಮೊದಲು ತಾವೇ ಸಾರವನ್ನು ಸೇವಿಸಿದರು. ಅನಂತರ ಹೈನಾನ್ ದ್ವೀಪದ ರೋಗಿಗಳಿಗೆ ನೀಡಿದಾಗ ಜ್ವರ ಇಳಿಯಿತು. ಅದೇ ವರ್ಷ ಶುದ್ಧ ಆರ್ಟೆಮಿಸಿನಿನ್ ಹರಳುಗಳನ್ನು ಪ್ರತ್ಯೇಕಿಸಲಾಯಿತು. ಈ ಸಾಧನೆಗಾಗಿ ಟು ಅವರಿಗೆ 2015ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯ ಅರ್ಧಭಾಗ ಲಭಿಸಿತು.

ಕಾರ್ಯವಿಧಾನ ಮತ್ತು ಬಳಕೆ

ಆರ್ಟೆಮಿಸಿನಿನ್ ಅಣುವಿನಲ್ಲಿರುವ ಪೆರಾಕ್ಸೈಡ್ ಸೇತುವೆಯು ಪರಾವಲಂಬಿಯೊಳಗಿನ ಕಬ್ಬಿಣಾಂಶದೊಂದಿಗೆ ವರ್ತಿಸುತ್ತದೆ. ಆಗ ಉಂಟಾಗುವ ಕ್ರಿಯಾಶೀಲ ಕಣಗಳು ಪರಾವಲಂಬಿಯ ಪ್ರೋಟೀನುಗಳನ್ನು ಹಾನಿಗೊಳಿಸುತ್ತವೆ. ಔಷಧವು ದೇಹದಲ್ಲಿ ಅಲ್ಪಕಾಲ ಮಾತ್ರ ಉಳಿಯುವುದರಿಂದಲೂ, ಪ್ರತಿರೋಧವನ್ನು ತಡೆಯುವ ಸಲುವಾಗಿಯೂ ಇದರ ಉತ್ಪನ್ನಗಳನ್ನು ದೀರ್ಘಕಾಲ ಉಳಿಯುವ ಮತ್ತೊಂದು ಔಷಧದೊಂದಿಗೆ ನೀಡಲಾಗುತ್ತದೆ. ಆದರೂ ಆಗ್ನೇಯ ಏಷ್ಯಾ ಮತ್ತು ಆಫ್ರಿಕಾದ ಕೆಲವೆಡೆ ಭಾಗಶಃ ಪ್ರತಿರೋಧ ಕಂಡುಬಂದಿದೆ. ಸಸ್ಯದ ಎಲೆ ಅಥವಾ ಕಷಾಯದಲ್ಲಿ ಔಷಧಾಂಶದ ಪ್ರಮಾಣ ಏಕರೂಪವಾಗಿರುವುದಿಲ್ಲ. ಆದ್ದರಿಂದ ಅವುಗಳನ್ನು ಮಲೇರಿಯಾ ಚಿಕಿತ್ಸೆಗೆ ಬಳಸುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಬೆಂಬಲಿಸುವುದಿಲ್ಲ.